ಹೋಗಿ ಬಾ ಎನ್ನುವಷ್ಟರಲ್ಲಿ

ನನ್ನ ಅಕ್ಕನ ಮಗಳು ನಾಲ್ಕು ಸಲ ಪರದೇಶಕ್ಕೆ ಹಾಡಲು ಹೋಗಿ ನಾಲ್ಕು ಸಲವೂ ಬರಿಗೈಯಲ್ಲಿ ಬಂದಳು. ಕೇಳಿದವರೆಲ್ಲ ಮೊದಲು ಅನ್ನುವ ಮಾತು, “ಪಾಪ, ದನಿ ಸಾಲದೇನೋ.” ದನಿಗೇನು ಬರ? ಹೊಳೆಯಷ್ಟಿದೆ. ಸಾಲದೆ ಬಂದದ್ದು ಹೊತ್ತು. ಆ ಹೊತ್ತನ್ನು ತಿಂದವನು ಅವಳ ಅಪ್ಪ, ಅಂದರೆ ನನ್ನ ಭಾವ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ, ಆದ್ದರಿಂದ ಬರೆಯುವುದಕ್ಕೂ ಅಂಜಿಕೆಯಿಲ್ಲ.

ಭಾವ ಬಸ್‌ನಿಲ್ದಾಣದಲ್ಲಿ ಬಸ್ಸು ಕೂಗುವ ಕೆಲಸದಲ್ಲಿದ್ದ. ಊರೆಲ್ಲ ಅವನನ್ನು ಮೈಕಣ್ಣ ಎನ್ನುತ್ತಿತ್ತು; ಮಗಳು ಹುಟ್ಟಿದ ಮೇಲೆ ಅವಳು ಮರಿಮೈಕು ಆದಳು. ನಿಲ್ದಾಣದ ಬಾಗಿಲಲ್ಲೇ ನನ್ನ ಹೊಲಿಗೆಯ ಅಂಗಡಿ ಇದ್ದುದರಿಂದ ಇವರಿಬ್ಬರ ಗದ್ದಲವೂ ನನ್ನ ಕಿವಿಯ ಮೇಲೇ ಬೆಳೆಯಿತು.

ಹಳೆಯ ನಿಲ್ದಾಣವೆಂದರೆ ಉದ್ದನೆಯ ತಗಡಿನ ಸೂರು, ಆ ತುದಿಗೊಂದು ಕಲ್ಲಿನ ಗೋಡೆ. ಈ ತುದಿಯ ಮೈಕಿನಲ್ಲಿ ಕೆಮ್ಮಿದರೆ ಆ ತುದಿಯ ಗೋಡೆ ತಿರುಗಿ ಕೆಮ್ಮುತ್ತಿತ್ತು. ಭಾವನಿಗಿಂತ ಮೊದಲಿದ್ದವನು ಹೊಟ್ಟು ತೂರಿದಂತೆ ಗಡಗಡನೆ ಕೂಗಿಬಿಡುವ ಆಸಾಮಿ. ಹೋದ ಮಾತು ಗೋಡೆಗೆ ಬಡಿದು ಬರುವಷ್ಟರಲ್ಲಿ ಎದುರಿಗೆ ಇನ್ನೊಂದು ಮಾತು ಹೊರಟಿರುತ್ತಿತ್ತು. ಎರಡೂ ನಡುದಾರಿಯಲ್ಲಿ ಡಿಕ್ಕಿ ಹೊಡೆದು, ಬಂದರಿಗೆ ಹೋಗುವವರು ಗಣಿಯ ಬಸ್ಸು ಹತ್ತಿ ಕೂರುತ್ತಿದ್ದರು. ಭಾವ ಬಂದವನೇ ಅದಕ್ಕೆ ಮದ್ದು ಕಂಡುಹಿಡಿದ. “ಬಂದರಿನ ಬಸ್ಸು” ಎನ್ನುವನು. ಬಾಯಿ ಮುಚ್ಚಿ ಕಾಯುವನು. ಗೋಡೆ ಅದನ್ನು ಹಿಂದಕ್ಕೆ ಕಳಿಸಿದ ಮೇಲೆ “ಮೂರನೇ ಕಟ್ಟೆಗೆ” ಎನ್ನುವನು. ಮತ್ತೆ ಕಾಯುವನು. ಕಿವಿ ಮಂದವಾದ ಮುದುಕರೂ ಸರಿಯಾದ ಬಸ್ಸು ಹತ್ತತೊಡಗಿದರು.

ಮಗಳು ಮೈಕಿನ ಮೇಜಿನ ಕೆಳಗೇ ಅಕ್ಷರ ತಿದ್ದಿದಳು. ಅವಳಿಗೆ ಅವನು ಹೇಳಿಕೊಟ್ಟದ್ದೂ ಅದನ್ನೇ.

“ಮನೆಯಿಂದ ಹೊರಟವರಿಗೆ ಬರೀ ಹೋಗು ಅಂತೀವೇನೇ? ಹೋಗಿ ಬಾ ಅಂತೀವಿ. ದನಿಗೂ ಅಷ್ಟೇ ಮಗಳೇ. ಹೋಗಲಿ, ಗೋಡೆ ಮುಟ್ಟಲಿ, ಬರಲಿ. ಅದು ಮನೆಗೆ ಬಂದ್ಮೇಲೆ ಇನ್ನೊಂದನ್ನ ಕಳಿಸು.”

ಚೆಂದದ ಮಾತು, ಒಪ್ಪುತ್ತೇನೆ. ಆದರೆ ಚೆಂದದ ಮಾತು ಮಕ್ಕಳ ತಲೆಯಲ್ಲಿ ಕೂತರೆ ಉಡದ ಹಿಡಿತ. ಶಾಲೆಯಲ್ಲಿ ಪದ್ಯ ಹೇಳಲು ನಿಲ್ಲಿಸಿದರೆ ಒಂದು ಸಾಲು ಹೇಳಿ ಹುಡುಗಿ ಸುಮ್ಮನಾಗುವಳು. ಮರೆತಳೆಂದು ಮೇಷ್ಟ್ರು ಮುಂದಿನ ಸಾಲನ್ನು ಎತ್ತಿಕೊಡುವರು. “ಗೊತ್ತು ಸಾರ್, ಇನ್ನೂ ಬಂದಿಲ್ಲ” ಎನ್ನುವಳು. ಏನು ಬಂದಿಲ್ಲ ಎಂದು ಮೇಷ್ಟ್ರಿಗೆ ಕೊನೆಗೂ ತಿಳಿಯಲಿಲ್ಲ. ದೊಡ್ಡವಳಾದ ಮೇಲೆ ನೀರು ಸರಬರಾಜಿನ ಕಚೇರಿಯಲ್ಲಿ ದೂರು ಕೇಳುವ ಟೆಲಿಫೋನಿನ ಕೆಲಸ ಸಿಕ್ಕಿತು. ಅಲ್ಲಿಯೂ ಅದೇ ಪಾಡು. “ನಿಮ್ಮ ಬೀದಿಗೆ” ಎಂದು ನಿಲ್ಲಿಸಿದರೆ ಆ ಕಡೆಯವರು, “ಹಲೋ, ಹಲೋ, ಲೈನ್ ಕಟ್ಟಾಯ್ತು ಕಣ್ರೀ, ನೀರೂ ಇಲ್ಲ, ಲೈನೂ ಇಲ್ಲ!” ಎಂದು ಬಯ್ದು ಇಟ್ಟುಬಿಡುತ್ತಿದ್ದರು. ಅವಳನ್ನು ಟೆಲಿಫೋನಿನಿಂದ ಎತ್ತಿ ಟಪಾಲಿನ ಮೇಜಿಗೆ ಕೂರಿಸಿದರು.

ಆದರೆ ಸಂಜೆ ಅವಳು ದೊಡ್ಡ ಸಭಾಂಗಣದಲ್ಲಿ ಹಾಡಲು ನಿಂತರೆ ಬೇರೆಯೇ ಮಾತು. ಹೊಸ ಕಾಲದ ಕುಣಿತದ ಹಾಡುಗಳೇ ಅವು, ನನಗೆ ಅವುಗಳ ತಲೆಬುಡ ತಿಳಿಯದು. ಆದರೂ ಅವಳ ಒಂದೊಂದು ಮಾತೂ ಕೊನೆಯ ಸಾಲಿನವನ ಮಡಿಲಿಗೆ ಬಂದು ಬೀಳುತ್ತಿತ್ತು. ಮಾತಿನ ನಡುವೆ ಅವಳು ಬಿಟ್ಟ ಜಾಗದಲ್ಲಿ ಜನ ಉಸಿರು ಹಿಡಿದು ಕೂರುತ್ತಿದ್ದರು. ಜೊತೆಯ ಡ್ರಮ್ಮಿನವನು ಕೋಲೆತ್ತಿಕೊಂಡು ಅವಳ ತುಟಿಯನ್ನೇ ನೋಡುತ್ತಿದ್ದ. ತುಟಿ ಅಲುಗಿದರೆ ಪೆಟ್ಟು, ಇಲ್ಲದಿದ್ದರೆ ಇಲ್ಲ. “ಇವಳ ಜೊತೆ ಬಾರಿಸೋದು ಅಂದ್ರೆ ಹಾಲು ಉಕ್ಕೋದನ್ನ ಕಾದಂಗೆ” ಎಂದು ಅವನು ನನ್ನ ಅಂಗಡಿಯಲ್ಲಿ ಕೂತು ನಗುತ್ತಿದ್ದ.

ಊರೂರಿನಲ್ಲಿ ಹೆಸರಾಯಿತು. ಅಷ್ಟಕ್ಕೆ ನಿಂತಿದ್ದರೆ ಈ ಕಥೆಯೇ ಬೇಕಿರಲಿಲ್ಲ. ಆದರೆ ಹಲವು ದೇಶಗಳ ಹಾಡುಗಾರರು ಸೇರುವ ಪಂದ್ಯವೊಂದಕ್ಕೆ ಅವಳನ್ನು ಆರಿಸಿದರು. ಅಲ್ಲಿ ಹಾಡುವುದಕ್ಕೆ ಎರಡು ಕಟ್ಟಳೆ. ಹಾಡು ಮೂರು ನಿಮಿಷ ದಾಟಬಾರದು. ವಾದ್ಯದವರು ಯಾರೂ ಇರಕೂಡದು. ಮೊದಲೇ ಡಬ್ಬಿಯಲ್ಲಿ ತುಂಬಿಟ್ಟ ಸಂಗೀತಕ್ಕೆ ಹಾಡಬೇಕು. ಡಬ್ಬಿಗೇನು ಗೊತ್ತು ತುಟಿ ನೋಡುವುದು? ಅದು ಕೀಲಿ ಕೊಟ್ಟ ಬೊಂಬೆ, ಓಡುತ್ತಲೇ ಇರುತ್ತದೆ. ಹಾಡುವವರು ಹಿಂದೆ ಬೀಳದಿರಲೆಂದು ಎರಡೂ ಕಿವಿಗೆ ಬಿರಡೆ ಜಡಿದು, ಅದರೊಳಗೆ ಸಂಗೀತ ಬಿಡುತ್ತಾರೆ. ಬಿರಡೆ ಜಡಿದರೆ ಗೋಡೆ ಕೇಳಿಸದು. ಬಿರಡೆ ಕಿತ್ತರೆ ಡಬ್ಬಿ ಕೇಳಿಸದು.

ಮೊದಲ ಸಲ ಬಿರಡೆ ಕಿತ್ತಳು. ಹಾಳಾದ್ದು, ಆ ವರ್ಷದ ವೇದಿಕೆ ಸಮುದ್ರದ ದಂಡೆಯಲ್ಲಿ, ಬಯಲಿನಲ್ಲಿ. ಗೋಡೆಯೇ ಇಲ್ಲ. ಮೊದಲ ಮಾತು ಹೇಳಿ ಕಾದಳು. ಕಾದಳು. ಅಷ್ಟರಲ್ಲಿ ಡಬ್ಬಿ ಅರ್ಧ ಹಾಡು ದಾಟಿತ್ತು.

“ಹೋದ ದನಿ ಹೋಗೇಬಿಡ್ತು ಮಾವ,” ಎಂದಳು ಬಂದ ಮೇಲೆ. “ಸಮುದ್ರದ ಕಡೆಗೆ.”

“ಅದೇನು ದೋಣಿನೇನೇ, ತಿರುಗಿ ಬರೋಕೆ? ಕಾದು ನಿಂತೆಯಲ್ಲ!” ಎಂದೆ.

“ಅಭ್ಯಾಸ” ಎಂದಳು.

ಎರಡನೆಯ ಸಲ ಎರಡೂ ಬಿರಡೆ ಜಡಿದುಕೊಂಡು, ಡಬ್ಬಿಯ ಹಿಂದೆ ಕರುವಿನಂತೆ ಹೋಗಿ, ಒಂದು ಪೆಟ್ಟೂ ತಪ್ಪದೆ ಹಾಡಿದಳು. ತೀರ್ಪುಗಾರನೊಬ್ಬ, ಎಲ್ಲ ಸರಿಯಾಗಿದೆ, ಆದರೆ ಹಾಡಿದವರು ಯಾರು ಎಂದು ಕೇಳಿದನಂತೆ. ಆ ಮಾತು ಕೇಳಿ ನನಗೆ ರೇಗಿತು, ಆದರೆ ಅದು ನಿಜವಾಗಿತ್ತು. ಟಿವಿಯಲ್ಲಿ ನಾನೂ ನೋಡಿದ್ದೆ. ನಾನು ಹೊಲಿದ ಅಂಗಿ ಅಲ್ಲಿ ನಿಂತು ಹಾಡುತ್ತಿತ್ತು, ಒಳಗೆ ಹುಡುಗಿ ಇರಲಿಲ್ಲ.

ಮೂರನೆಯ ಸಲ ಒಂದು ಕಿವಿಗೆ ಬಿರಡೆ, ಒಂದು ಕಿವಿ ಬಯಲು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಆ ಸಲ ಕೊನೆಯಿಂದ ಎರಡನೆಯವಳಾದಳು. ಕೊನೆಯವನಿಗೆ ಜ್ವರವಿತ್ತಂತೆ.

ಮೂಲೆಮನೆಯ ಅಜ್ಜಿ ನಮ್ಮ ಬೀದಿಯ ಆಕಾಶವಾಣಿ. ಅವಳು ನನ್ನ ಅಂಗಡಿಗೆ ಗುಂಡಿ ಹಾಕಿಸಿಕೊಳ್ಳಲು ಬಂದಾಗಲೆಲ್ಲ, “ನಿನ್ನ ಸೊಸೆ ಈ ಸಲ ಏನು ತಂದ್ಲಪ್ಪಾ?” ಎನ್ನುವಳು.

“ಅನುಭವ ತಂದ್ಲು ಅಜ್ಜಿ.”

“ಅದನ್ನ ಎಲ್ಲಿ ಇಡ್ತೀರಿ? ಮನೆ ಬೇರೆ ಸಣ್ಣದು.”

ನಗು ಬರುತ್ತಿತ್ತು, ಉರಿಯೂ ಬರುತ್ತಿತ್ತು. ಆದರೆ ಇದರಲ್ಲಿ ಸಂಕಟಪಟ್ಟವಳು ಹುಡುಗಿಯೇ. ಒಂದು ದಿನ ಅಳತೆ ಕೊಡಲು ನಿಂತಾಗ ಹೇಳಿದಳು: “ಮೊದಲನೇ ಬಹುಮಾನ ನನಗೆ ಬೇಡ ಮಾವ. ಆ ವೇದಿಕೆ ಮೇಲೆ ಒಂದೇ ಒಂದು ಸಲ ನನ್ನ ಉಸಿರಲ್ಲೇ ಹಾಡಿ, ಅವರ ಪಟ್ಟೀಲಿ ಎಲ್ಲೋ ಒಂದು ಕಡೆ ನಿಲ್ಬೇಕು. ಹತ್ತನೇದಾದ್ರೂ ಸರಿ. ಅವರ ಹಾಗೆ ಹಾಡಿ ಐದನೇದಾಗೋದು ಬೇಡ.”

ಆ ಪಂದ್ಯದಲ್ಲಿ ಮೂವತ್ತೈದು ದಾಟಿದವರಿಗೆ ಬಾಗಿಲಿಲ್ಲ. ಅವಳಿಗೆ ಉಳಿದದ್ದು ಒಂದೇ ಸಲ.

ಅವಳಿಗೆ ತಾಳ ಹೇಳಿಕೊಡುವ ಹುಡುಗನೊಬ್ಬನಿದ್ದ. ಮಾತು ಮಾತಿಗೂ ಒನ್, ಟೂ ಎಂದು ಎಣಿಸುತ್ತಿದ್ದುದರಿಂದ ನಾವು ಅವನನ್ನು ಒನ್‌ಟೂ ಎನ್ನುತ್ತಿದ್ದೆವು. ಅಷ್ಟು ವರ್ಷ ಇವಳ ಕಾಯುವಿಕೆಯನ್ನು ಬಿಡಿಸಲು ಹೆಣಗಿದವನು ಅವನೇ. ಕೊನೆಗೆ ಸೋತು ಒಂದು ಉಪಾಯ ತೆಗೆದ. “ನೀನು ಬದಲಾಗಲ್ಲ. ಡಬ್ಬೀನೇ ಬದಲಾಯಿಸೋಣ. ನೀನು ಎಲ್ಲೆಲ್ಲಿ ಕಾಯ್ತೀಯೋ ಅಲ್ಲಲ್ಲಿ ಸಂಗೀತದಲ್ಲೇ ಜಾಗ ಬಿಟ್ಟು ತುಂಬಿಸ್ತೀನಿ. ಮೂರು ನಿಮಿಷಕ್ಕೆ ಹಿಡಿಯೋ ಹಾಗೆ ಮಾತು ಕಮ್ಮಿ ಮಾಡು.”

ಇಷ್ಟು ಬುದ್ಧಿ ಮೊದಲ ಸಲವೇ ಬಂದಿದ್ದರೆ! ಇರಲಿ. ಹುಡುಗಿ ಕೂತು ತಾನೇ ಹಾಡು ಕಟ್ಟಿದಳು. ಬಸ್ಸು ಹತ್ತಿಸಲು ಬಂದವರ ಹಾಡು. ಮಾತು ಕಡಿಮೆ, ಕೊನೆಗೆ ಎರಡೇ ಮಾತು: ಹೋಗಿ, ಬಾ. ‘ಹೋಗಿ’ ಎಂದು ದನಿಯನ್ನು ಕಳಿಸಿ, ಅದು ಗೋಡೆ ಮುಟ್ಟಿ ಬಂದ ಮೇಲೆ ‘ಬಾ’ ಎನ್ನಬೇಕು. ಅಲ್ಲಿಗೆ ಹಾಡೂ ಮುಗಿಯಬೇಕು, ಮೂರು ನಿಮಿಷವೂ ಮುಗಿಯಬೇಕು. ನಮ್ಮೂರ ಸಭಾಂಗಣದಲ್ಲಿ ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ನಾನೂ ಹೋಗಿ ಕೇಳಿದೆ. ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಕೂತಿತ್ತು. ಎಲ್ಲೂ ಬಿಗಿಯಿಲ್ಲ, ಎಲ್ಲೂ ಜೋಲಿಲ್ಲ. ಈ ಸಲ ಏನೋ ಆಗುತ್ತದೆ ಎಂದು ನನಗೂ ಅನ್ನಿಸಿತು.

ಪಂದ್ಯ ಅಲ್ಲಿಯ ರಾತ್ರಿಗೆ, ನಮಗೆ ಮಟಮಟ ಮಧ್ಯಾಹ್ನ. ಅಕ್ಕನ ಮನೆಯ ನಡುಮನೆಯಲ್ಲಿ ಬೀದಿಗೆ ಬೀದಿಯೇ ಕೂತಿತ್ತು. ಅಜ್ಜಿಗೆ ಎಲ್ಲರಿಗಿಂತ ಮುಂದೆ ಕುರ್ಚಿ. ಭಾವ ಟಿವಿಯ ಪಕ್ಕದಲ್ಲಿ, ತೆರೆ ಕಾಣದ ಕಡೆ, ಕಿವಿ ಮಾತ್ರ ತಾಗುವಂತೆ ಸ್ಟೂಲು ಹಾಕಿಕೊಂಡು ಕೂತಿದ್ದ. ಹೊಸ ನಿಲ್ದಾಣದಲ್ಲಿ ಕೂಗಲು ಯಂತ್ರ ತಂದ ಮೇಲೆ ಅವನು ಮನೆಯಲ್ಲೇ ಇರುತ್ತಿದ್ದ.

ಹುಡುಗಿ ಬಂದಳು. ಎರಡೂ ಬಿರಡೆ ಕಿತ್ತು ಹೆಗಲ ಮೇಲೆ ಇಳಿಬಿಟ್ಟಳು. “ನೋಡ್ರೇ, ಜುಮುಕಿ ಕಳಚಿ ಬಿದ್ವು!” ಎಂದಳು ಅಜ್ಜಿ. “ಸುಮ್ನಿರಿ ಅಜ್ಜಿ” ಎಂದು ಅಕ್ಕ ಗದರಿದಳು.

ಮೊದಲ ಸಾಲು ಹಾಡಿದಳು. ಆಹಾ, ಅದು ಅವಳೇ. ಅಂಗಿಯೊಳಗೆ ಹುಡುಗಿಯಿದ್ದಳು. ಆ ಮಹಾಸಭೆ ಗಪ್‌ಚಿಪ್. ನಮ್ಮ ನಡುಮನೆಯೂ ಗಪ್‌ಚಿಪ್.

ಎರಡನೆಯ ಸಾಲಿಗೆ ಭಾವನ ಮುಖ ಸಣ್ಣದಾಯಿತು.

“ಗೋಡೆ ದೂರ ಇದೆ” ಎಂದ.

“ಯಾವ ಗೋಡೆ ಭಾವ?”

“ಆ ಸಭಾಂಗಣದ ಗೋಡೆ ಕಣೋ! ನಮ್ಮೂರಿನದರ ಎರಡರಷ್ಟು ದೂರ ಇದೆ. ಅವಳು ಕಾಯ್ತಿರೋದು ಕೇಳಿಸ್ತಿಲ್ವಾ?”

ಆಗ ನನಗೂ ಕೇಳಿಸಿತು. ಒನ್‌ಟೂ ಡಬ್ಬಿಯಲ್ಲಿ ಬಿಟ್ಟ ಜಾಗ ನಮ್ಮೂರ ಸಭಾಂಗಣದ ಅಳತೆಯದು. ಈ ಸಲದ ಸಭಾಂಗಣವೋ ದನಿಗೆ ಒಂದು ಪ್ರಯಾಣ. ಅವಳು ಪ್ರತಿ ಸಾಲಿಗೂ ಕೂದಲೆಳೆಯಷ್ಟು ಹಿಂದೆ ಬೀಳುತ್ತಿದ್ದಳು. ಒನ್‌ಟೂ ಬೆರಳು ಮಡಿಸಿ ಎಲ್ಲವನ್ನೂ ಎಣಿಸಿದ್ದ, ಅಲ್ಲಿಯ ಸಭಾಂಗಣ ಎಷ್ಟು ಉದ್ದ ಎಂದು ಒಬ್ಬನನ್ನೂ ಕೇಳಿರಲಿಲ್ಲ. ಬಟ್ಟೆ ಹೊಲಿದದ್ದು ಒಬ್ಬನ ಅಳತೆಗೆ, ತೊಟ್ಟವನು ಇನ್ನೊಬ್ಬ. ಕೂದಲೆಳೆ ಕೂದಲೆಳೆ ಸೇರಿ ಹಗ್ಗವಾಗುತ್ತಿತ್ತು.

“ಕಾಯ್ಬೇಡ” ಎಂದ ಭಾವ ಮೆಲ್ಲಗೆ. ಇನ್ನೊಂದು ಸಾಲಾಯಿತು. “ಕಾಯ್ಬೇಡ ಮಗಳೇ, ಹೇಳ್ಬಿಡು.” ಆಮೇಲೆ ಸ್ಟೂಲಿನಿಂದ ಎದ್ದು ಟಿವಿಯ ನೆತ್ತಿಯ ಮೇಲೆ ಕೈ ಬಡಿದು, ನಿಲ್ದಾಣಕ್ಕೆಲ್ಲ ಕೇಳಿಸುವ ಆ ಹಳೆಯ ಗಂಟಲಿನಲ್ಲಿ, “ಕಾಯ್ಬೇಡ ಅಂದ್ನಲ್ಲೇ!” ಎಂದು ಕೂಗಿದ. ಹುಟ್ಟಿದಂದಿನಿಂದ ಕಾಯು ಕಾಯು ಎಂದು ಕಲಿಸಿದವನು ಇವನು! ನಗುವುದೋ ಅಳುವುದೋ ತಿಳಿಯಲಿಲ್ಲ.

ಡಬ್ಬಿ ತನ್ನ ಪಾಡಿಗೆ ತಾನು ಮುಗಿದು ನಿಂತಿತು. ಸಂಗೀತವಿಲ್ಲದ ಆ ಮೌನದಲ್ಲಿ ಹುಡುಗಿ ಕಣ್ಣು ಮುಚ್ಚಿ, “ಹೋಗಿ” ಎಂದಳು.

ಬಾಯಿ ಮುಚ್ಚಿದಳು. ಕಾದಳು.

ತೆರೆಯ ಮೇಲೆ ಒಬ್ಬ ಹೆಂಗಸು ಬಕೆಟ್ಟಿನಿಂದ ಬಿಳಿ ಅಂಗಿ ಎತ್ತಿ, ನಮ್ಮೆಲ್ಲರನ್ನೂ ನೋಡಿ ನಕ್ಕಳು. ಸೋಪಿನ ಪುಡಿಯ ಜಾಹೀರಾತು.

ಅಜ್ಜಿಯೇ ಮೊದಲು, “ಅಯ್ಯೋ, ಬರೀ ಹೋಗಿ ಅಂದ್ಬಿಟ್ಳಲ್ಲೇ! ಬಾ ಅನ್ಲೇ ಇಲ್ಲ!” ಎಂದಳು. ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ, ನಿಜವಾಗಿಯೂ ಹೆದರಿದ್ದಳು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರದೋ ಮನೆಯಿಂದ ಬರೀ ‘ಹೋಗು’ ಅನ್ನಿಸಿಕೊಂಡು ಬಂದವರ ಹಾಗೆ ಬೀದಿಯವರೆಲ್ಲ ಒಬ್ಬೊಬ್ಬರೇ ಎದ್ದು ಚಪ್ಪಲಿ ಮೆಟ್ಟಿದರು. ಅಂದು ಯಾರೂ ಯಾರಿಗೂ ಹೋಗಿ ಬನ್ನಿ ಎನ್ನಲಿಲ್ಲ.

ಹುಡುಗಿ ಮೂರು ನಿಮಿಷ ದಾಟಿದ್ದರಿಂದ ಅವಳ ಹಾಡನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವೆಂದು ಆಮೇಲೆ ಒನ್‌ಟೂ ಫೋನು ಮಾಡಿ ಹೇಳಿದ. ಹತ್ತನೆಯದೂ ಇಲ್ಲ, ಕೊನೆಯದೂ ಇಲ್ಲ. ಜ್ವರ ಬಂದವನಿಗಾದರೂ ಒಂದು ಸ್ಥಾನವಿತ್ತು.

ಅವಳು ಬಂದ ದಿನ ನಾನು ಅಕ್ಕನ ಮನೆಯಲ್ಲೇ ಇದ್ದೆ. ಪೆಟ್ಟಿಗೆ ಇಳಿಸುವ ಮೊದಲೇ ಭಾವ ಕೇಳಿದ, “ಬಾ ಅಂದ್ಯಾ?”

“ಅಂದೆ.”

“ಮೈಕ್ ಇತ್ತಾ?”

“ಕಿತ್ತಿದ್ರು. ಹಾಗೇ ಹೇಳ್ದೆ, ಗಂಟಲಲ್ಲೇ.”

“ಬಂತಾ?”

ಹುಡುಗಿ ಪೆಟ್ಟಿಗೆಯ ಮೇಲೆ ಕುಕ್ಕರಿಸಿದಳು. “ಜನ ಚಪ್ಪಾಳೆ ಹೊಡೆದ್ಬಿಟ್ರು ಅಪ್ಪಾ. ಎದ್ದು ನಿಂತ್ಕೊಂಡು ಹೊಡೆದ್ರು. ಆ ಗದ್ದಲದಲ್ಲಿ ಬಂತೋ ಇಲ್ವೋ, ಕೇಳಿಸಲೇ ಇಲ್ಲ.”

“ಥೂ! ಅಷ್ಟು ಅವಸರ ಏನಿತ್ತು ಅವರಿಗೆ?” ಎಂದ ಭಾವ. ಚಪ್ಪಾಳೆಗೆ ಬೈದ ತಂದೆಯನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಅವನ ಸಿಟ್ಟು ಮಗಳ ಕಡೆ ತಿರುಗಿತು. “ನಿನಗಾದ್ರೂ ಬುದ್ಧಿ ಬೇಡ್ವಾ? ನಾನು ಕಾಯ್ತಾ ಇದ್ದೆ, ನಿಜ. ಆದ್ರೆ ಒಂದು ದಿನವಾದ್ರೂ ನಾನು ಕೂಗಿ ಮುಗಿಸೋ ಮೊದಲು ಬಸ್ಸು ಹೊರಟಿತ್ತೇನೇ? ದನಿ ಬರಬೇಕು, ಬಸ್ಸು ಹೊರಡೋ ಮೊದಲು ಮುಗೀಬೇಕು. ಎರಡೂ ಸೇರಿದ್ರೇನೇ ಕೆಲಸ. ನೀನು ಅರ್ಧ ಕಲಿತೆ.”

“ಆ ಅರ್ಧ ನೀನು ಹೇಳ್ಲೇ ಇಲ್ವಲ್ಲ!”

“ಅದನ್ನ ನಾನು ಯಾಕೆ ಹೇಳ್ಬೇಕು? ಬಸ್ಸೇ ಹೇಳ್ತಿತ್ತಲ್ಲ, ಹಾರನ್ ಹೊಡೆದು!”

“ಮೇಜಿನ ಕೆಳಗಿದ್ದೋಳಿಗೆ ಬಸ್ಸು ಎಲ್ಲಿ ಕಾಣ್ತಿತ್ತು ಅಪ್ಪಾ?” ಎಂದಳು ಹುಡುಗಿ. “ನನಗೆ ಕೇಳಿಸ್ತಿದ್ದದ್ದು ನೀನು ಮತ್ತೆ ಗೋಡೆ, ಅಷ್ಟೇ. ಹಾರನ್ ಬಂದ್ರೆ ನೀನೇ ನನ್ನ ಕಿವಿ ಮುಚ್ತಿದ್ದೆ.”

ಭಾವನ ಎರಡೂ ಕೈ ಮೇಲೆ ಬಂದು, ಗಾಳಿಯಲ್ಲಿ ಒಂದು ಸಣ್ಣ ತಲೆಯನ್ನು ಹಿಡಿದಂತೆ ನಿಂತವು. ಅಕ್ಕ ಒಳಗಿನಿಂದ, “ಟೀ ಆರ್ತಿದೆ, ಇಬ್ಬರೂ ಆಮೇಲೆ ಕಚ್ಚಾಡಿ” ಎಂದಳು. ಟೀ ಆರಿಯೇ ಹೋಯಿತು.

ಮುಂದಿನ ರಜೆಯ ಬೆಳಿಗ್ಗೆ ಅಪ್ಪ ಮಗಳು ನನ್ನ ಅಂಗಡಿಯ ಮುಂದೆ ಹಾಯ್ದರು. ಭಾವ ಮುಂದೆ ಬಿರಬಿರನೆ, ಹುಡುಗಿ ಹಿಂದೆ ಮುಖ ಊದಿಸಿಕೊಂಡು. “ಎಲ್ಲಿಗೆ?” ಎಂದರೂ ನಿಲ್ಲದೆ ನಡೆದರು. ಇಸ್ತ್ರಿ ಆರಿಸಿ ನಾನೂ ಹಿಂದೆ ಹೋದೆ. ಹೊಸ ಕಟ್ಟಡ ಪಕ್ಕದಲ್ಲಿ ಎದ್ದಿದ್ದರೂ ಹಳೆಯ ಸೂರಿನ ಕೆಳಗೆ ಬಂದರಿನ ಬಸ್ಸು ಇನ್ನೂ ನಿಲ್ಲುತ್ತದೆ. ಯಂತ್ರದ ದನಿ ಗಡಗಡನೆ ಕೂಗಿ, ಒಂದು ಮಾತನ್ನು ಇನ್ನೊಂದು ತುಳಿದು, ಮುದುಕನೊಬ್ಬ ಗಂಟು ಹೊತ್ತುಕೊಂಡು ಕಟ್ಟೆಯಿಂದ ಕಟ್ಟೆಗೆ ಓಡುತ್ತಿದ್ದ.

“ನಿಂತ್ಕೋ” ಎಂದ ಭಾವ. “ಡ್ರೈವರ್ ಹತ್ತಿದ. ಆ ಬಸ್ಸು ಹೊರಡೋದರೊಳಗೆ ಮುಗಿಸು.”

“ಏನು ಪ್ರಯೋಜನ ಅಪ್ಪಾ ಇನ್ನು? ನನಗೆ ಅಲ್ಲಿ ಬಾಗಿಲಿಲ್ಲ.”

“ಬಾಗಿಲು ಕೇಳಿದವರು ಯಾರು? ನಾನು ಅರ್ಧ ಕಲಿಸಿದೆ ಅಂತ ನೀನೇ ಅಂದ್ಯಲ್ಲ. ಇನ್ನರ್ಧ ತಗೋ.”

ಹುಡುಗಿ ನಿಟ್ಟುಸಿರುಬಿಟ್ಟು ಹಾಡತೊಡಗಿದಳು. ಮೊದಲು ರೋಷಕ್ಕೆ, ಎರಡನೆಯ ಸಾಲಿನಿಂದ ತನ್ನ ಉಸಿರಿಗೆ. ಕಲ್ಲಿನ ಗೋಡೆ ಅವಳ ಗುರುತು ಹಿಡಿದಂತೆ ಒಂದೊಂದು ಮಾತನ್ನೂ ಜೋಪಾನವಾಗಿ ಹಿಂದಕ್ಕೆ ಕಳಿಸಿತು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಗಂಟಿನ ಮುದುಕ ಓಡುವುದನ್ನು ನಿಲ್ಲಿಸಿದ. ಡ್ರೈವರನ ಕೈ ಹಾರನ್ನಿನ ಮೇಲೆ ಹೋದದ್ದು ನನಗೆ ಕಾಣಿಸಿತು, ಅವಳಿಗೂ ಕಾಣಿಸಿತು. ಅವಳು ಒಂದು ಸಾಲಿನ ಬಾಲವನ್ನು ಸ್ವಲ್ಪ ಮುಂದಕ್ಕೆ ತಳ್ಳಿದಳು. ಭಾವನ ಕಣ್ಣು ಅರಳಿತು.

“ಹೋಗಿ” ಎಂದಳು.

ಹಾರನ್ ಬಡಿದುಕೊಂಡಿತು. ಬಂದರಿನ ಬಸ್ಸು ಹೊಗೆ ಬಿಟ್ಟು, ನಮ್ಮ ಮೂವರ ಮುಖಕ್ಕೂ ಮಸಿ ಬಳಿದು, ಬಾಗಿಲು ದಾಟಿ ಹೋಯಿತು. ಆ ಗದ್ದಲ ತಣಿದ ಮೇಲೆ ಗೋಡೆಯ ಕಡೆಯಿಂದ ಏನಾದರೂ ಬಂತೇ ಎಂದು ಮೂವರೂ ಕಿವಿ ನಿಗುರಿಸಿದೆವು.

“ಬಸ್ಸು ಹೋಯ್ತು” ಎಂದ ಭಾವ, ಮುಖದ ಮಸಿ ಒರೆಸಿಕೊಳ್ಳುತ್ತಾ.

“ನನಗೂ ಕಣ್ಣಿದೆ ಅಪ್ಪಾ.”

“ಎರಡನೇ ಸಾಲಲ್ಲಿ ಜಾಸ್ತಿ ಕಾದೆ.”

“ಕಾಯ್ಲಿಲ್ಲ! ಡ್ರೈವರ್ ಮುಂಚೆ ಬಿಟ್ಟ!”

“ಡ್ರೈವರ್ ಯಾವತ್ತೂ ಮುಂಚೇನೇ ಬಿಡೋದು. ಗಣಿ ಬಸ್ಸು ಬರ್ತಿದೆ, ಶುರುಮಾಡು.”

ಹುಡುಗಿ ನನ್ನ ಕಡೆ ನೋಡಿದಳು, ಬಿಡಿಸು ಮಾವ ಎನ್ನುವಂತೆ. ನಾನು ಗಂಟಿನ ಮುದುಕನನ್ನು ತೋರಿಸಿದೆ. ಅವನ ಬಸ್ಸು ತಪ್ಪಿತ್ತು. ಅವಳ ಹಾಡು ಕೇಳುತ್ತ ಅದೇ ಬಂದರಿನ ಬಸ್ಸನ್ನು ಕಣ್ಣೆದುರೇ ಬಿಟ್ಟುಕೊಂಡಿದ್ದ. ಅವನು ಗಂಟು ಇಳಿಸಿ, ಅದರ ಮೇಲೆ ಕೂತು, ಕಿವಿಗೆ ಕೈ ಮಡಿಸಿ, “ಏನೋ ಒಂದು ಮಾತು ಬಾಕಿ ಇತ್ತಲ್ಲಮ್ಮ?” ಎಂದ.